ಮಾವನ ಸೊನ್ನೆ ಬಿಲ್ಲು

ನಮ್ಮ ಸೋದರಮಾವನ ಮನೆಯಲ್ಲಿ ಬೆಳಕು ಮಾಡುವ ಅಧಿಕಾರ ಇರುವುದು ಸೂರ್ಯನೊಬ್ಬನಿಗೆ. ಅವನು ಬಿಲ್ಲು ಕಳಿಸುವುದಿಲ್ಲವಲ್ಲ, ಅದಕ್ಕೇ ಮಾವ ಅವನನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ಮಿಕ್ಕವರು, ಅಂದರೆ ಅತ್ತೆ ಮತ್ತು ನಾನು, ಸ್ವಿಚ್ಚಿನ ಕಡೆ ಕೈ ಚಾಚುವ ಮುನ್ನ ಕಾರಣ ಹೇಳಬೇಕು. ಜಿಪುಣರು ಅಂತೀರಾ? ಖಂಡಿತ ಅಲ್ಲ! ಕಿತ್ತಳೆ ತಂದರೆ ಚೀಲಗಟ್ಟಲೆ ತರುತ್ತಾರೆ, ಮದುವೆಗೆ ಹೋದರೆ ಧಾರಾಳವಾಗಿ ಮುಯ್ಯಿ ಓದಿಸುತ್ತಾರೆ. ಅವರ ಹಗೆತನವೆಲ್ಲ ಕರೆಂಟಿನ ಮೇಲೆ ಮಾತ್ರ.

ಇದಕ್ಕೆ ಮೂಲ ದೆಹಲಿಯ ಒಂದು ನಿಯಮ. ತಿಂಗಳಿಗೆ ಇನ್ನೂರು ಯೂನಿಟ್ಟಿನ ಒಳಗಿದ್ದರೆ ಇಲ್ಲಿ ಕರೆಂಟ್ ಬಿಲ್ಲು ಸೊನ್ನೆ. ಕಡಿಮೆ ಅಲ್ಲ ಸ್ವಾಮಿ, ಸೊನ್ನೆ! ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ದ್ವಾರಕಾದ ಸೊಸೈಟಿಯೊಂದರ ಐದನೇ ಮಹಡಿಯಲ್ಲಿ ಆರಾಮಾಗಿ ಕೂತಿದ್ದ ಮಾವನಿಗೆ ಬಾಳಿನ ಗುರಿ ಸಿಕ್ಕಿದ್ದೇ ಆಗ. ಬೇರೆಯವರು ಪಾರ್ಕಿನಲ್ಲಿ ಮೊಮ್ಮಕ್ಕಳ ಫೋಟೋ ತೋರಿಸಿದರೆ ನಮ್ಮ ಮಾವ ಮೊಬೈಲಿನಲ್ಲಿ ಬಿಲ್ಲು ತೋರಿಸುತ್ತಾರೆ. "ದೇಖಿಯೇ, ಶೂನ್ಯ."

ಬೇಸಿಗೆಯನ್ನು ಕೂಲರಿನಲ್ಲಿ, ಒದ್ದೆ ಟವೆಲ್ಲಿನಲ್ಲಿ ಹೇಗೋ ದಾಟಬಹುದು. ಚಳಿಗಾಲ? ಅಲ್ಲಿ ತೊಂದರೆ ಅತ್ತೆಯದು. ಅವರು ಹೊನ್ನಾವರದವರು, ಬೆವರಿಕೊಂಡೇ ಬೆಳೆದ ಜೀವ. ಮದುವೆಯಾಗಿ ದೆಹಲಿಗೆ ಬಂದು ಇಷ್ಟು ವರ್ಷವಾದರೂ ಅವರ ಮೈ ಇಲ್ಲಿನ ಚಳಿಯನ್ನು ಒಪ್ಪಿಕೊಂಡಿಲ್ಲ. ದೀಪಾವಳಿ ಮುಗಿಯಿತೆಂದರೆ ಎರಡು ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ಉಣ್ಣೆಯ ಚೀಲ. ಮಾವನದು ಒಂದೇ ಮಾತು. "ಚಳಿ ಅನ್ನೋದು ಮನಸ್ಸಿನಲ್ಲಿರುತ್ತೆ." ಅತ್ತೆಯದೂ ಒಂದೇ ಉತ್ತರ. "ಹೌದ್ರೀ, ನನ್ನ ಮನಸ್ಸು ಮೊಣಕಾಲಿನಲ್ಲಿದೆ."

ನಮ್ಮ ಸೊಸೈಟಿಯ ಮೀಟರುಗಳೆಲ್ಲ ಕೆಳಗೆ, ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಸಾಲಾಗಿವೆ. ಒಂದೊಂದರಲ್ಲೂ ಪುಟ್ಟ ಕೆಂಪು ದೀಪ. ಕರೆಂಟು ಹೆಚ್ಚು ಉರಿದಷ್ಟೂ ಅದು ಬೇಗ ಬೇಗ ಮಿಣುಕುತ್ತದೆ. ಮಾವ ಬೆಳಗ್ಗೆ ಹಾಲು ತರಲು ಇಳಿದವರು ನಮ್ಮ ಮೀಟರಿನ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. ಹೊಸ ಬಾಡಿಗೆಯವರೊಬ್ಬರು ಅಲ್ಲಿ ದೇವರ ಪಟವಿದೆಯೆಂದು ತಿಳಿದು ಚಪ್ಪಲಿ ಬಿಟ್ಟು ಬಂದಿದ್ದೂ ಉಂಟು. ಆ ಮಿಣುಕನ್ನು ನೋಡಿಯೇ ಮೇಲೆ ಏನೇನು ಉರಿಯುತ್ತಿದೆಯೆಂದು ಮಾವ ಹೇಳಬಲ್ಲರು. ನಾನು ಗುರುಗ್ರಾಮದ ಆಫೀಸಿಗೆ ಹೊರಡುವ ಅವಸರದಲ್ಲಿ ಗೀಸರ್ ಹಾಕಿ ಒಂದು ಕ್ಷಣ ಮರೆತರೆ ಸಾಕು, ಕೆಳಗಿನಿಂದ ಫೋನು.

"ಗೀಸರ್ ಆರಿಸೇ. ನಾನಿಲ್ಲೇ ನಿಂತಿದ್ದೀನಿ, ಗೊತ್ತಾಗುತ್ತೆ."

ಇಂಥವರು ಬಿಸಿಲನ್ನು ಸುಮ್ಮನೆ ಬಿಡುತ್ತಾರೆಯೇ? ಮಧ್ಯಾಹ್ನ ರಜಾಯಿಗಳನ್ನೆಲ್ಲ ಟೆರೇಸಿಗೆ ಹೊತ್ತು, ಎರಡೂ ಮೈ ಚೆನ್ನಾಗಿ ಕಾಯಿಸಿ, ಬಿಸಿಲು ಚೆಲ್ಲಿಹೋಗದಂತೆ ಬಿಗಿಯಾಗಿ ಸುತ್ತಿ ಕೆಳಗೆ ತರುತ್ತಾರೆ. ಸಂಜೆ ಬಿಸಿಲು ಮುಗಿದ ಮೇಲೆ ಇನ್ನೊಂದು ದಾರಿ. ಆಫೀಸಿನಿಂದ ಬಂದು ನಿಂತ ಕಾರುಗಳ ಬಾನೆಟ್ಟು ಬಿಸಿಯಾಗಿರುತ್ತದಲ್ಲ, ಅದರ ಮೇಲೆ ಒದ್ದೆ ಕಾಲುಚೀಲ ಹರವುವುದು! ಒಮ್ಮೆ ಎದುರು ಮನೆಯ ಪಂಜಾಬಿ ಆಂಟಿ ಸಾಮಾನು ಮರೆತಿದ್ದೆನೆಂದು ಕಾರು ತಿರುಗಿಸಿಕೊಂಡು ಮಾರ್ಕೆಟ್ಟಿಗೆ ಹೋದರು. ವೈಪರಿಗೆ ಸಿಕ್ಕಿಕೊಂಡ ಮಾವನ ಕಾಲುಚೀಲಗಳೂ ದ್ವಾರಕಾ ಸುತ್ತಿ ಬಂದವು. ಆಂಟಿ ಅವನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟರೆ, ಮಾವ ಮುಟ್ಟಿ ನೋಡಿ, ಗಾಳಿಗೆ ಇನ್ನೂ ಚೆನ್ನಾಗಿ ಒಣಗಿವೆ ಅಂದುಬಿಟ್ಟರು.

ಹಂಡೆಯ ಕಥೆಯನ್ನಂತೂ ಹೇಳಲೇಬೇಕು. ಗೀಸರಿನ ಕಾಟ ಬುಡಸಮೇತ ಕಳೆಯಲೆಂದು ಮಾವ ತಮ್ಮ ಹುಟ್ಟೂರು ತುಮಕೂರಿನ ಮನೆಯ ತಾಮ್ರದ ಹಂಡೆಯನ್ನು ರೈಲಿನಲ್ಲಿ ತಂದರು. ಬಾಲ್ಕನಿಯಲ್ಲಿ ಇಟ್ಟಿಗೆಯ ಒಲೆ. ಉರಿಗೆ ವರ್ಷವಿಡೀ ಕೂಡಿಟ್ಟ ತೆಂಗಿನ ಕರಟ. ಎಲ್ಲ ಸರಿಯಾಗಿತ್ತು, ಮುಹೂರ್ತವೊಂದನ್ನು ಬಿಟ್ಟು! ದೆಹಲಿಯ ಗಾಳಿ ಕೆಟ್ಟು ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದ, ಬೀದಿಯಲ್ಲಿ ಕಡ್ಡಿ ಗೀರಿದರೂ ದಂಡವೆಂದು ಸಾರಿದ್ದ ದಿನವನ್ನೇ ಈ ಪುಣ್ಯಾತ್ಮರು ಒಲೆ ಹಚ್ಚಲು ಆರಿಸಿಕೊಂಡಿದ್ದರು. ಕರಟದ ಹೊಗೆಯನ್ನು ನೀವು ಬಲ್ಲಿರಿ. ಐದನೇ ಮಹಡಿಯಿಂದ ಅದು ಏಳನೆಯದಕ್ಕೆ ಏರಿತು. ಗಾರ್ಡ್ ಓಡಿ ಬಂದ, ಹಿಂದೆಯೇ ಮಾಸ್ಕ್ ಹಾಕಿಕೊಂಡ ಸೊಸೈಟಿ ಸೆಕ್ರೆಟರಿ. ಹಂಡೆಯಲ್ಲಿ ಹದವಾಗಿ ಕಾದಿದ್ದ ನೀರಿನಿಂದಲೇ ಒಲೆ ಆರಿಸಬೇಕಾಯಿತು. ಮುಖವೆಲ್ಲ ಮಸಿ ಮಾಡಿಕೊಂಡ ಮಾವ ಮಾತ್ರ ಒಂದಿಷ್ಟೂ ಅಳುಕಲಿಲ್ಲ. "ನೀರು ಕಾದಿತ್ತೋ ಇಲ್ವೋ, ಅದನ್ನ ಹೇಳು" ಅಂದರು ನನಗೆ. ಮರುದಿನ ಅತ್ತೆ ಹಂಡೆಗೆ ಮಣ್ಣು ತುಂಬಿ ಕರಿಬೇವಿನ ಗಿಡ ನೆಟ್ಟರು.

ಅತ್ತೆ ನಡುಗುವುದನ್ನು ನೋಡಲಾರದೆ ನಾನೊಂದು ಹೀಟರ್ ತಂದುಕೊಟ್ಟೆ. ಮಾವ ಬಹಳ ಸಂತೋಷಪಟ್ಟು, ಪೆಟ್ಟಿಗೆಯನ್ನು ಬಿಚ್ಚದೆ ಅದರ ಮೇಲೊಂದು ಕಸೂತಿ ಬಟ್ಟೆ ಹಾಸಿ ಹೂದಾನಿ ಇಟ್ಟರು. ಒಂದು ಬದಿಯಲ್ಲಿ ಮಾತ್ರ ಕೆಂಪಗೆ ಉರಿಯುವ ಹೀಟರಿನ ಚಿತ್ರ ಕಾಣುತ್ತಿತ್ತು. ಅತ್ತೆ ತಮ್ಮ ಕುರ್ಚಿಯನ್ನು ಆ ಬದಿಗೆ ಎಳೆದುಕೊಂಡು, "ಚಿತ್ರ ನೋಡಿದ್ರೂ ಒಂಚೂರು ಬೆಚ್ಚಗಾಗುತ್ತೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಾವನ ಮೇಲೆ ಆವತ್ತು ನಿಜವಾಗಿ ಸಿಟ್ಟು ಬಂತು.

ಈ ಜನವರಿಯಲ್ಲಿ, ಮಂಜು ಕವಿದು ಎದುರಿನ ಬ್ಲಾಕೂ ಕಾಣದ ದಿನಗಳಲ್ಲಿ, ಅತ್ತೆಗೆ ಕೆಮ್ಮು ಶುರುವಾಯಿತು. ಕೆಮ್ಮು ಜ್ವರವಾಗಿ, ಜ್ವರ ನ್ಯುಮೋನಿಯಾ ಆಗಿ, ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಡಾಕ್ಟರು ನಮಗೆ ಯಾವ ಭರವಸೆಯನ್ನೂ ಕೊಡಲಿಲ್ಲ. ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಇದ್ದರು. ಅಲ್ಲಿ ಹಗಲಲ್ಲೂ ಸಾಲಾಗಿ ದೀಪ ಉರಿಯುತ್ತಿದ್ದವು, ಒಂದರ ಕಡೆಗೂ ಅವರು ಕಣ್ಣೆತ್ತಿ ನೋಡಲಿಲ್ಲ. ಬಟ್ಟೆ ತರಲೆಂದು ಒಮ್ಮೆ ಮಾತ್ರ ಮನೆಗೆ ಹೋಗಿ ಬಂದರು. ಬಂದವರು ಮತ್ತೆ ಅದೇ ಬೆಂಚಿನ ಮೇಲೆ ಕೂತರು.

ಅತ್ತೆ ಉಳಿದರು. ಕೋಣೆಯನ್ನು ಹಗಲೂ ರಾತ್ರಿ ಬೆಚ್ಚಗಿಡಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಮಾವ ಚಪ್ಪಲಿಯನ್ನೂ ಬಿಡದೆ ಹೋಗಿ ಹೂದಾನಿ ಎತ್ತಿ ನೆಲಕ್ಕಿಟ್ಟು ಪೆಟ್ಟಿಗೆ ಹರಿದರು. ಹೀಟರ್ ಹಚ್ಚಿ, ಅದರ ಕಾವು ಅತ್ತೆಯ ಕಾಲಿಗೆ ತಾಗುತ್ತದೋ ಇಲ್ಲವೋ ಎಂದು ತಾವೇ ನೆಲದ ಮೇಲೆ ಕೂತು ಅಂಗೈ ಹಿಡಿದು ನೋಡಿದರು. ಗೀಸರ್ ಕೂಡ ಹೊತ್ತು ಗೊತ್ತಿಲ್ಲದೆ ಉರಿಯತೊಡಗಿತು. ಸೊನ್ನೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅದೇ ವಾರ ಒಂದು ಸಂಜೆ ಆಫೀಸಿನಿಂದ ಬಂದರೆ, ಮಾವ ಲಿಫ್ಟಿನ ಪಕ್ಕ, ಮೀಟರಿನ ಮುಂದೆ, ಮೊದಲಿನ ಹಾಗೆಯೇ ಕೈ ಕಟ್ಟಿ ನಿಂತಿದ್ದಾರೆ. ಕೆಂಪು ದೀಪ ಒಂದೇ ಸಮನೆ ಪಟಪಟ ಮಿಣುಕುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು. ಇಷ್ಟು ಕಾಲ ಕಾಪಾಡಿಕೊಂಡು ಬಂದ ಸೊನ್ನೆಯಲ್ಲವೇ!

"ಹೋಗ್ಲಿ ಬಿಡಿ ಮಾವ. ಬೇಸಿಗೆ ಬಂದ್ರೆ ಮತ್ತೆ ಸೊನ್ನೆ ಬರುತ್ತೆ" ಎಂದು ಸಮಾಧಾನ ಹೇಳಿದೆ.

ಮಾವ ಮೀಟರಿನಿಂದ ಕಣ್ಣು ಕೀಳಲಿಲ್ಲ.

"ಆವತ್ತು ಬಟ್ಟೆ ತರೋಕೆ ಬಂದಿದ್ನಲ್ಲ, ಆಗ ಇಲ್ಲಿ ನಿಂತು ನೋಡಿದ್ದೆ. ಆಸ್ಪತ್ರೆಗೆ ಹೊರಡೋವಾಗ ಫ್ರಿಜ್ಜೂ ಆರಿಸಿ ಹೋಗಿದ್ವಲ್ಲ. ಈ ದೀಪ ಮಿಣುಕ್ಲೇ ಇಲ್ಲ ಪುಟ್ಟಿ. ಎಷ್ಟು ಹೊತ್ತು ನಿಂತ್ರೂ ಮಿಣುಕ್ಲಿಲ್ಲ. ಸೊನ್ನೆ ಅಂದ್ರೆ ಏನು ಅಂತ ನನಗೆ ಆವತ್ತು ಗೊತ್ತಾಯ್ತು."

ನಾನೂ ಅವರ ಪಕ್ಕದಲ್ಲಿ ಕೈ ಕಟ್ಟಿ ನಿಂತೆ. ಅಷ್ಟರಲ್ಲಿ ಮಾವನಿಗೆ ಫೋನು ಬಂತು. ಮೇಲಿನಿಂದ ಅತ್ತೆ. ದನಿ ಇನ್ನೂ ಸಣ್ಣಗಿತ್ತು, ಆದರೆ ನನಗೂ ಕೇಳಿಸಿತು.

"ರೀ, ನನಗೆ ಸೆಕೆಯಾಗ್ತಿದೆ. ಹೀಟರ್ ಆರಿಸ್ಲಾ?"

"ಕೈ ಹಚ್ಚಿದ್ರೆ ನೋಡು ಮತ್ತೆ" ಅಂದರು ಮಾವ. "ನಾನಿಲ್ಲೇ ನಿಂತಿದ್ದೀನಿ, ಗೊತ್ತಾಗುತ್ತೆ."