ಜಪಾನಿನ ಬೇಸಿಗೆ ರಜೆ ಮತ್ತು ಅಮ್ಮನ ಪಂಕ್ತಿ

ಶಾಲೆಯ ರಜೆಗಳ ವಿಷಯದಲ್ಲಿ ನಾನು ಪಂಡಿತ. ಇದು ಜಂಬವಲ್ಲ, ಚನ್ನಗಿರಿಯ ನಮ್ಮ ಬೀದಿಯೇ ಒಪ್ಪಿಕೊಂಡ ಮಾತು. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ. ದಸರಾ ರಜೆ ಎಂದಿನಿಂದ, ಬೇಸಿಗೆ ರಜೆ ಎಲ್ಲಿಯವರೆಗೆ ಎಂದು ಯಾರೇ ಕೇಳಿದರೂ ಪಂಚಾಂಗ ನೋಡದೆ ಹೇಳಬಲ್ಲೆ. ಆದ್ದರಿಂದ ಎಂಬತ್ತರ ದಶಕದ ಆ ವರ್ಷ ಜಪಾನಿನಿಂದ ತಂಗಿ ಸುಧಾಳ ಕಾಗದ ಬಂದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ಸುಧಾಳ ಗಂಡನನ್ನು ಅವರ ಕಂಪನಿ ಐದು ವರ್ಷದ ಹಿಂದೆ ಜಪಾನಿಗೆ ಕಳಿಸಿತ್ತು. ಇಬ್ಬರು ಮಕ್ಕಳೂ ಅಲ್ಲಿನ ಶಾಲೆಯಲ್ಲೇ ಓದುತ್ತಿದ್ದರು. ‘ಅಣ್ಣಾ, ಈ ಸಲ ಮಕ್ಕಳ ಬೇಸಿಗೆ ರಜೆಗೆ ಬರುತ್ತೇವೆ. ಓಡಾಟದ ಏರ್ಪಾಡೆಲ್ಲ ನಿನ್ನದೇ’ ಎಂದು ಬರೆದಿದ್ದಳು.

ಓದಿ ಹೇಳಿದ್ದೇ ತಡ, ಅಮ್ಮನ ಕಣ್ಣು ತುಂಬಿತು. ಸುಧಾಳ ಕಿರಿಯ ಮಗನನ್ನು ಆಕೆ ಫೋಟೋದಲ್ಲಿ ಮಾತ್ರ ಕಂಡಿದ್ದಳು.

“ನಂಗೆ ಇನ್ನೇನೂ ಬ್ಯಾಡಪ್ಪ. ನಿನ್ನವು ಎಲ್ಡು, ಜಗಳೂರು ತಮ್ಮನವು ಮೂರು, ಸುಧಾನವು ಎಲ್ಡು, ಏಳೂ ಮೊಮ್ಮಕ್ಕಳನ್ನ ಒಂದೇ ಪಂಕ್ತಿಯಾಗೆ ಕುಂದ್ರಿಸಿ ನನ್ನ ಕೈಯಾರೆ ಬಡಿಸ್ಬೇಕು. ಅಷ್ಟು ಮಾಡ್ಸಿಕೊಡು.”

“ಆಯ್ತಮ್ಮ, ಏಪ್ರಿಲ್ ಹನ್ನೆರಡು!” ಎಂದೆ ಥಟ್ಟನೆ.

“ರೀ, ಒಂದ್ ಕಾಗ್ದ ಹಾಕಿ ಕೇಳ್ರಿ. ಅಲ್ಲಿ ರಜೆ ಯಾವಾಗ ಕೊಡ್ತಾರೋ ಏನೋ” ಎಂದಳು ಹೆಂಡತಿ ಪ್ರೇಮಾ.

“ಬೇಸಿಗೆ ರಜೆ ಬೇಸಿಗೇಲಿ ಕೊಡದೆ ಮಳೆಗಾಲದಾಗೆ ಕೊಡ್ತಾರೇನೆ?” ಎಂದು ಗದರಿದೆ. ಈ ವಾಕ್ಯವನ್ನು ದಯವಿಟ್ಟು ಓದುಗರು ಮರೆತುಬಿಡಬೇಕೆಂದು ವಿನಂತಿ. ನನ್ನ ಹೆಂಡತಿ ಇಂದಿಗೂ ಮರೆತಿಲ್ಲ.

ಹೊನ್ನಾಳಿಗೆ ಹೋಗಿ ಒಂದು ವ್ಯಾನು ಗೊತ್ತುಮಾಡಿದೆ. ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿಯಲ್ಲಿ ಪ್ರೇಮಾಳ ತವರು, ಕೊನೆಗೆ ಜಗಳೂರಿನ ತಮ್ಮನ ಮನೆ. ಹತ್ತು ದಿನದ ಮಹಾ ದಂಡಯಾತ್ರೆ! ಎಲ್ಲರಿಗೂ ಕಾರ್ಡು ಬರೆದೆ. ಜಪಾನಿಗೂ ಬರೆದೆ, ಆದರೆ ಎಲ್ಲರಿಗಿಂತ ಕೊನೆಗೆ.

ಜಪಾನಿನ ಉತ್ತರ ಬಂದದ್ದು ಏಪ್ರಿಲ್ ಹತ್ತರಂದು. ‘ಅಣ್ಣಾ, ಏಪ್ರಿಲ್‌ನಲ್ಲಿ ಇಲ್ಲಿ ಶಾಲೆ ಶುರುವಾಗುತ್ತೆ! ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ.’

“ಸೂರ್ಯ ಮೊದ್ಲು ಹುಟ್ಟೋದೇ ಆ ದೇಶದಾಗೆ ಅಂತಿದ್ದೆ. ಬೇಸಿಗೆ ಮಾತ್ರ ಹೆಂಗೋ ತಡವಾಗಿ ಬರೋದು?” ಎಂದು ಅಮ್ಮ ಕೇಳಿದಳು. ಪಂಡಿತ ಅಂಚೆ ಕಾರ್ಡು ಹುಡುಕತೊಡಗಿದ.

ತಮ್ಮನಿಗೆ ಆ ಕ್ಷಣವೇ ಕಾರ್ಡು ಹಾಕಿದೆ. ಕಾರ್ಡು ಜಗಳೂರು ಮುಟ್ಟುವ ಮೊದಲೇ ತಮ್ಮನ ಸಂಸಾರ ಬಸ್ಸು ಹತ್ತಿ ಚನ್ನಗಿರಿ ಮುಟ್ಟಿತ್ತು. ಐದು ಜನ, ಮೂರು ಟ್ರಂಕು, ಒಂದು ಮೂಟೆ ಕಡಲೆಕಾಯಿ. “ಸುಧಾ ಎಲ್ಲಿ?” ಎಂದ ತಮ್ಮ. “ಆಗಸ್ಟ್‌ನಾಗೆ ಬರ್ತಾಳೆ” ಎಂದೆ. ಅವನು ಟ್ರಂಕಿನ ಮೇಲೆ ಕೂತುಬಿಟ್ಟ. ವರ್ಷದ ರಜೆಯನ್ನೆಲ್ಲ ಅವನು ಆ ಹತ್ತು ದಿನಕ್ಕೇ ಹಾಕಿದ್ದನಂತೆ.

ಇರಲಿ, ಎಡವಿದವನೇ ನಡೆಯಲು ಕಲಿಯುವುದು ಎಂದುಕೊಂಡು ಆಗಸ್ಟಿಗೆ ಹೊಸ ಯೋಜನೆ ಹಾಕಿದೆ. ವ್ಯಾನಿನವನು ಮಾತ್ರ, “ಮೇಷ್ಟ್ರೇ, ಮೊದ್ಲು ಜನ ಬರ್ಲಿ. ಆಮ್ಯಾಕೆ ವ್ಯಾನು ಬರ್ತೈತೆ” ಎಂದು ಕೈಮುಗಿದ.

ಆಗ ಹೊಳೆಯಿತು ನೋಡಿ, ಆಗಸ್ಟಿನಲ್ಲಿ ನಮ್ಮ ಶಾಲೆಗಳಿಗೆ ರಜೆಯೇ ಇಲ್ಲ! ಅವರ ಮಕ್ಕಳಿಗೆ ಬಿಡುವಿದ್ದಾಗ ನಮ್ಮವಕ್ಕಿಲ್ಲ, ನಮ್ಮವಕ್ಕಿದ್ದಾಗ ಅವಕ್ಕಿಲ್ಲ. ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಎರಡೂ ದೇಶದ ರಜೆಗಳ ಕೋಷ್ಟಕ ಬರೆದೆ. ನಮ್ಮದಕ್ಕೆ ಕೆಂಪು ಶಾಯಿ, ಅವರದಕ್ಕೆ ನೀಲಿ. ಎರಡೂ ಕೂಡುವ ದಿನ ಒಂದೇ, ಆಗಸ್ಟ್ ಹದಿನೈದು. ಅಂದು ಬೆಳಿಗ್ಗೆ ಧ್ವಜವಂದನೆಗೆ ಎಲ್ಲ ಮಕ್ಕಳೂ ಅವರವರ ಶಾಲೆಯಲ್ಲಿರಬೇಕು. ಜಗಳೂರಿನ ಮಕ್ಕಳು ಚನ್ನಗಿರಿ ತಲುಪುವಷ್ಟರಲ್ಲಿ ಅಮ್ಮನ ಪಾಯಸ ಗಟ್ಟಿಯಾಗಿರುತ್ತದೆ.

ಕೊನೆಗೆ ಹೆಡ್‌ಮಾಸ್ತರರಿಗೆ ಅರ್ಜಿ ಕೊಟ್ಟೆ: ‘ಜಪಾನ್ ದೇಶದ ಶಾಲೆಗಳಿಗೆ ರಜೆ ಇರುವ ಪ್ರಯುಕ್ತ ನನಗೂ, ಏಳನೇ ತರಗತಿಯಲ್ಲಿರುವ ನನ್ನ ಮಗನಿಗೂ ಹತ್ತು ದಿನ ರಜೆ ದಯಪಾಲಿಸಬೇಕು. ತಪ್ಪಿದ ಪಾಠಗಳನ್ನು ಏಳನೆಯವರಿಗೆ ಭಾನುವಾರಗಳಂದು ಮಾಡಿಕೊಡುತ್ತೇನೆ.’

ಹೆಡ್‌ಮಾಸ್ತರರು ಎರಡು ಸಲ ಓದಿ ಕನ್ನಡಕ ತೆಗೆದರು.

“ಜಪಾನಿನ ಶಾಲೆಗೆ ರಜೆ ಇದ್ರೆ ಜಪಾನಿನ ಮೇಷ್ಟ್ರು ಮನೇಲಿರ್ತಾರೆ. ನೀವ್ಯಾಕ್ರೀ ಇರ್ಬೇಕು? ರಜೆ ಇಲ್ಲ. ಆದ್ರೆ ಈ ಭಾನುವಾರದ ಪಾಠ ಐತಲ್ಲ, ಭಾಳ ಚಲೋ ವಿಚಾರ. ಬರೋ ತಿಂಗಳಿಂದ ಶುರು ಮಾಡ್ರಿ!”

ಹೀಗೆ ಕೇಳಿದ ರಜೆ ಸಿಗಲಿಲ್ಲ, ಇದ್ದ ಭಾನುವಾರವೂ ಹೋಯಿತು.

ಆಗಸ್ಟ್ ಮೊದಲ ವಾರ ಸುಧಾ ಮಕ್ಕಳೊಂದಿಗೆ ಬಂದಳು. ಒಂಬತ್ತರ ಮಾಲಾ, ನಾಲ್ಕರ ರವಿ. ಅಮ್ಮ ರವಿಯನ್ನು ಸೊಂಟದಿಂದ ಇಳಿಸಲೇ ಇಲ್ಲ. ಆದರೆ ದಿನಕ್ಕೆರಡು ಸಲ, “ಪಂಕ್ತಿ ಯಾವಾಗ್ಲೋ?” ಎಂಬ ಪ್ರಶ್ನೆ ತಪ್ಪಲಿಲ್ಲ. ಅವರು ಹೊರಡಲು ಹತ್ತು ದಿನ ಉಳಿದಾಗ ಕೋಷ್ಟಕವನ್ನು ನಡುಮನೆಯಲ್ಲಿ ಹಾಸಿ, ಕೋಲು ಹಿಡಿದು ಅಮ್ಮನಿಗೆ ವಿವರಿಸಿದೆ. “ನೋಡಮ್ಮ, ಯಾವ ದಿನವೂ ಕೂಡಿಬರೋದಿಲ್ಲ.”

ಓದು ಬಾರದ ಅಮ್ಮ ಹಾಳೆಯನ್ನೇ ನೋಡುತ್ತಾ ಕೇಳಿದಳು, “ಬರೋ ಭಾನ್ವಾರ ಏನಾಗೈತೋ?”

ನನ್ನ ಕೋಲು ಹಾಳೆಯ ಮೇಲೆ ಭಾನುವಾರವನ್ನು ಹುಡುಕತೊಡಗಿತು. ಸರ್ಕಾರದ ರಜಾ ಪಟ್ಟಿಯಲ್ಲಿ ಭಾನುವಾರಗಳನ್ನು ಬರೆಯುವುದಿಲ್ಲ. ನಾನು ಪಟ್ಟಿ ನೋಡಿ ಕೋಷ್ಟಕ ಬರೆದವನು!

“ಜಗಳೂರಿನವರು ಶನಿವಾರ ಮಧ್ಯಾಹ್ನ ಬಸ್ ಹತ್ತಿದ್ರೆ ಆಯ್ತಲ್ರೀ” ಎಂದಳು ಪ್ರೇಮಾ.

“ಆದರೆ ಭಾನುವಾರ ನಮ್ಮ ಹುಡುಗನಿಗೆ ಕ್ಲಾಸೈತೆ” ಎಂದೆ ಮೆಲ್ಲಗೆ.

“ಯಾವ ಪುಣ್ಯಾತ್ಮ ಇಟ್ಟವನು?” ಎಂದಳು ಸುಧಾ.

ಆ ಪುಣ್ಯಾತ್ಮನ ಕಡೆ ಎಲ್ಲರೂ ತಿರುಗಿದರು. ಅಮ್ಮನಿಗೆ ಮಾತ್ರ ಸಿಟ್ಟೇ ಬರಲಿಲ್ಲ. “ಅದಕ್ಯಾಕೆ ಹಂಗೆ ಮುಖ ಮಾಡ್ತೀ? ಪಾಠ ಮುಗಿಸಿ ಕ್ಲಾಸಿನ ಮಕ್ಕಳನ್ನೆಲ್ಲ ಮನೆಗೇ ಕರ್ಕಂಡು ಬಾ. ನಮ್ಮ ಹುಡುಗ ಒಬ್ನೇ ಉಂಡು, ಉಳಿದವು ಹಸ್ಕಂಡು ಹೋಗಾಕಾಗ್ತೈತಾ?”

ಭಾನುವಾರದ ಪಾಠಕ್ಕೆ ಅದುವರೆಗೆ ಅರ್ಧ ತರಗತಿಯೂ ಬರುತ್ತಿರಲಿಲ್ಲ. ಪಾಯಸದ ಸುದ್ದಿ ಹಬ್ಬಿದ ಮೇಲೆ ನಮ್ಮ ಹುಡುಗನೂ ಸೇರಿ ಮೂವತ್ತೊಂದಕ್ಕೆ ಮೂವತ್ತೊಂದೂ ಹಾಜರು! ತಮ್ಮನ ಸಂಸಾರ ಶನಿವಾರವೇ ಬಂದಿಳಿದಿತ್ತು. ಈ ಸಲ ಅವನು ಮೊದಲು ಒಳಗೆ ಇಣುಕಿ ಸುಧಾಳನ್ನು ಕಣ್ಣಾರೆ ಕಂಡು, ಆಮೇಲೆ ಚೀಲ ಕೆಳಗಿಟ್ಟ.

ಪಂಕ್ತಿ ನಡುಮನೆ ದಾಟಿ, ಪಡಸಾಲೆ ದಾಟಿ, ಅಂಗಳಕ್ಕೆ ಹೋಯಿತು. ಮಾಲಾ ನಮ್ಮ ಏಳನೆಯ ಹುಡುಗಿಯರ ನಡುವೆ ಕೂತು ಎಲೆಯಿಂದ ಹರಿದು ಹೋಗುವ ಸಾರನ್ನು ಅನ್ನದ ಕಟ್ಟೆ ಕಟ್ಟಿ ತಡೆಯುವುದನ್ನು ಕಲಿಯುತ್ತಿದ್ದಳು. ಅಮ್ಮ ಎಲೆ ಎಲೆಗೂ ಬಗ್ಗಿ ಪಾಯಸ ಬಡಿಸಿದಳು. ಒಬ್ಬೊಬ್ಬರಿಗೂ “ಉಣ್ಣು ಕೂಸೇ” ಎಂದಳು. ಸಾರಿನ ಬಕೆಟ್ಟು ಹಿಡಿದು ಹಿಂದೆಯೇ ಬರುತ್ತಿದ್ದ ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ಸುಲಭದ ಸಂತೋಷವನ್ನು ನಾನು ನಾಲ್ಕು ತಿಂಗಳು ಕೋಷ್ಟಕದಲ್ಲಿ ಹುಡುಕಿದ್ದೆನಲ್ಲ!

ಅಂದು ಸಂಜೆ ಮಾಲಾ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತಳು. ರಜೆಯಲ್ಲಿ ಕಂಡದ್ದನ್ನು ಚಿತ್ರ ಬರೆದು ಎರಡು ಸಾಲು ಬರೆಯುವುದು ಅವರ ಶಾಲೆಯ ಹೋಂವರ್ಕ್ ಅಂತೆ. ಪುಟದ ಈ ತುದಿಯಿಂದ ಆ ತುದಿಗೆ ತಲೆಗಳೇ ತಲೆಗಳು, ನಡುವೆ ನಗುವ ಅಮ್ಮ. ಕೆಳಗಿನ ಜಪಾನಿ ಬರಹವನ್ನು ಸುಧಾ ಓದಿ ಹೇಳಿದಳು: “ನನ್ನ ಅಜ್ಜಿಗೆ ಮೂವತ್ತೇಳು ಮೊಮ್ಮಕ್ಕಳು. ಎಲ್ಲರನ್ನೂ ಒಂದೇ ದಿನ ಸೇರಿಸಿದ್ದು ಅಜ್ಜಿ.”

“ನಾನೆಲ್ಲಿದೀನಿ ಪುಟ್ಟಿ?” ಎಂದೆ.

ಮಾಲಾ ಪುಟದ ಅಂಚಿಗೆ ಬೆರಳಿಟ್ಟಳು. “ಜಾಗ ಸಾಲ್ಲಿಲ್ಲ ಮಾವ.”

ಎರಡು ದೇಶಗಳ ರಜೆಗಳನ್ನು ಅರೆದು ಕುಡಿದ ಪಂಡಿತ ಜಪಾನಿನ ಶಾಲೆಯ ದಾಖಲೆಗೆ ಸೇರಿದ್ದು ಹೀಗೆ: ಸಾರಿನ ಬಕೆಟ್ಟು, ಅದನ್ನು ಹಿಡಿದ ಒಂದು ಎಡಗೈ.