ಹದಿಮೂರನೇ ಫ್ಲಾಪಿಗೆ ವಿಭೂತಿ

ಇಡೀ ಪೀಣ್ಯದಲ್ಲಿ ಕಂಪ್ಯೂಟರನ್ನು ‘ತಾವು’ ಎಂದು ಕರೆದು ಮಾತನಾಡಿಸುತ್ತಿದ್ದ ಮನುಷ್ಯ ಒಬ್ಬರೇ ಒಬ್ಬರು, ನನ್ನ ಭಾವ. ಕಂಪ್ಯೂಟರು ಅವರಿಗೆ ಕವಡೆ ಕಾಸಿನ ಮರ್ಯಾದೆ ಕೊಡಲಿಲ್ಲ, ಆ ಮಾತು ಬೇರೆ!

ಭಾವ ಅಂದರೆ ನಮ್ಮಕ್ಕನ ಗಂಡ, ದಾವಣಗೆರೆ ಕಡೆಯವರು. ರಾಜಗೋಪಾಲನಗರದಲ್ಲಿ ಮನೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚಿಕ್ಕ ಸ್ಪ್ರಿಂಗ್ ಕಾರ್ಖಾನೆ, ಅದರಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟ್. ಬೆಳಿಗ್ಗೆ ಟೈಪ್‌ರೈಟರಿನ ಹಣೆಗೆ ಮೂರು ಬೆರಳು ವಿಭೂತಿ ಎಳೆದ ಮೇಲೇ ಕೆಲಸ ಶುರು. ಟೈಪ್‌ರೈಟರಿಗೆ ಹಣೆ ಎಲ್ಲಿರುತ್ತದೆ ಎಂದು ನನ್ನನ್ನು ಕೇಳಬೇಡಿ, ಅವರಿಗೆ ಗೊತ್ತಿತ್ತು. ಅಂಗಿಯ ಜೇಬಿನಲ್ಲಿ ಸದಾ ಒಂದು ವಿಭೂತಿ ಡಬ್ಬಿ. ನನ್ನನ್ನು ಕಂಡ ಕೂಡಲೇ ಅದರ ಮುಚ್ಚಳ ತೆಗೆಯುವರು. ನಾನು ನೆಗಡಿ ಎನ್ನುವೆ, ಈಗಷ್ಟೇ ಮುಖ ತೊಳೆದೆ ಎನ್ನುವೆ, ಹಣೆಯ ಮೇಲೆ ಗುಳ್ಳೆ ಎದ್ದಿದೆ ಎನ್ನುವೆ. ದೇವರಿಗೂ ನನಗೂ ಅಷ್ಟಕ್ಕಷ್ಟೆ. ಆದರೆ ಇಪ್ಪತ್ತು ವರ್ಷದಲ್ಲಿ ಒಂದೇ ನೆಪವನ್ನು ಎರಡು ಸಲ ಹೇಳಿದವನಲ್ಲ, ಆ ಹೆಮ್ಮೆ ನನಗುಂಟು!

ಒಂದು ದಸರೆಯ ಸಮಯ. ಕಾರ್ಖಾನೆಯ ಮಾಲೀಕರು ಯಾವುದೋ ಆಫೀಸು ಬೇಡವೆಂದು ಬಿಟ್ಟ ಕಂಪ್ಯೂಟರೊಂದನ್ನು ತಂದು ಭಾವನ ಮೇಜಿನ ಮೇಲೆ ಇಡಿಸಿದರು. ಜೊತೆಗೆ ಆಫೀಸ್ ಸಾಫ್ಟ್‌ವೇರಿನ ಫ್ಲಾಪಿಗಳ ಒಂದು ಪೆಟ್ಟಿಗೆ. ಬರುವ ಸೋಮವಾರ ಹತ್ತು ಗಂಟೆಗೆ ದೊಡ್ಡ ಗಿರಾಕಿಯೊಬ್ಬರಿಗೆ ಕೊಟೇಶನ್ ಹೋಗಬೇಕು, ಅದೂ ಕಾಗದದಲ್ಲಲ್ಲ, ಫ್ಲಾಪಿಯಲ್ಲಿ. ಭಾವ ಅದನ್ನು ಮಾಡಿಕೊಟ್ಟರೆ ಸರಿ. ಇಲ್ಲವಾದರೆ ಕಂಪ್ಯೂಟರ್ ಕಲಿತ ಹುಡುಗಿಯೊಬ್ಬಳು ಆ ಕುರ್ಚಿಗೆ ಬರುತ್ತಾಳೆ, ಭಾವ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆಯುತ್ತಾರೆ.

ಇದನ್ನು ಅವರು ಅಕ್ಕನಿಗೆ ಹೇಳಲಿಲ್ಲ. ನನಗೆ ಹೇಳಿದರು. ನಾನೋ, ಸರ್ಕಾರಿ ಕಾರ್ಖಾನೆಯವನು. ನಮ್ಮಲ್ಲಿ ಏಸಿ ಹಾಕಿದ ಕಂಪ್ಯೂಟರ್ ರೂಮೇ ಇತ್ತು! ಎದೆ ತಟ್ಟಿಕೊಂಡು ನಾನಿದ್ದೀನಿ ಎಂದುಬಿಟ್ಟೆ. ಆ ರೂಮಿಗೆ ನಾನು ಹೋಗಿದ್ದು ಒಂದೇ ಸಲ, ಚಪ್ಪಲಿ ಹೊರಗೆ ಬಿಟ್ಟು, ಟ್ಯೂಬ್‌ಲೈಟ್ ಬದಲಿಸುವುದಕ್ಕೆ. ಇಂಥ ಸಣ್ಣಪುಟ್ಟ ವಿವರಗಳನ್ನೆಲ್ಲ ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಗುರುವಾರ ಸಂಜೆ ಮೊದಲ ಫ್ಲಾಪಿ ತುರುಕಿದೆವು. ಯಂತ್ರ ಗರಗರ ಎಂದು ಗಂಟಲು ಸರಿಮಾಡಿಕೊಂಡು, ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಉಗುಳಿತು. ಈ ಕಂಪ್ಯೂಟರಿನಲ್ಲಿರುವುದು ಹಳೇ ಕಾಲದ ಡಾಸ್, ಹೊಸ ವಿಂಡೋಸ್ ಇಲ್ಲದೆ ಈ ಸಾಫ್ಟ್‌ವೇರ್ ಕೂರುವುದಿಲ್ಲ ಎಂಬುದು ಅದರ ತಾತ್ಪರ್ಯ. ಭಾವ ಪರದೆಯ ಮುಂದೆ ಕೈಕಟ್ಟಿ ನಿಂತರು.

“ಹಳೇದು ಅಂತ ಹಂಗೆ ತಳ್ಳಿಬಿಟ್ರೆ ಹೆಂಗೆ ಸ್ವಾಮಿ? ತಾವು ಒಂದ್ಸಲ ಪ್ರಯತ್ನ ಮಾಡಿ ನೋಡ್ಬಹುದಿತ್ತು.”

ಅವರು ಯಾರ ಪರವಾಗಿ ವಾದಿಸುತ್ತಿದ್ದರು ಎಂದು ನನಗೆ ಆಗ ಹೊಳೆಯಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ.

ಶುಕ್ರವಾರ ನಾನು ರಜೆ ಹಾಕಿ, ಮಾಲೀಕರ ಚೀಟಿ ಹಿಡಿದು ಹೋಗಿ, ಎಸ್.ಪಿ. ರೋಡಿನ ಅಂಗಡಿಯಿಂದ ವಿಂಡೋಸ್ ತಂದೆ. ಹದಿಮೂರು ಫ್ಲಾಪಿ. ಶನಿವಾರ ಆಯುಧಪೂಜೆ. ಲೇತು, ಡ್ರಿಲ್ಲು, ಮಾಲೀಕರ ಸ್ಕೂಟರು ಎಲ್ಲಕ್ಕೂ ಚೆಂಡುಹೂವು, ಕುಂಕುಮ. ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಭಾವ ಹದಿಮೂರು ಫ್ಲಾಪಿಯನ್ನೂ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ವಿಭೂತಿ ಎಳೆಯುತ್ತಿದ್ದರು. ನನ್ನ ನಾಲಿಗೆ ಸುಮ್ಮನಿರುತ್ತದೆಯೇ?

“ಪ್ಲಾಸ್ಟಿಕ್ ಮೇಲೆ ಬಳಿದ್ರೆ ಏನ್ ಭಾವ ಪ್ರಯೋಜನ? ಆ ತಗಡು ಸರಿಸಿ, ಒಳಗಿನ ತಟ್ಟೆಗೆ ಹಚ್ಬೇಕು. ಎಲ್ಲಕ್ಕೂ ಬೇಡ, ಕೊನೇದಕ್ಕೆ ಹಚ್ಚಿ ಸಾಕು. ದಡ ಮುಟ್ಟಿಸೋದು ಅದೇ ತಾನೆ? ಆ ಶಿವನಾಣೆ, ನಮ್ಮ ಫ್ಯಾಕ್ಟರೀಲಿ ಹಂಗೇ ಮಾಡೋದು.”

ಭಾವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ನಾನು ಪ್ರಸಾದದ ಚರುಪು ತಿನ್ನಲು ಆ ಕಡೆ ಹೋದೆ, ಆಡಿದ ಮಾತನ್ನು ಕಡಲೆಬೇಳೆಯ ಜೊತೆಗೇ ನುಂಗಿ ಮರೆತೆ.

ಭಾನುವಾರ ವಿಜಯದಶಮಿ, ಹೊಸ ಕೆಲಸಕ್ಕೆ ಪ್ರಶಸ್ತ. ವಾಚ್‌ಮನ್ ಬೀಗ ತೆಗೆದುಕೊಟ್ಟ. ನಾವಿಬ್ಬರೇ ಕೂತೆವು. ಮೊದಲು ಬಂದದ್ದು ಕರಾರುಪತ್ರ. ಎಲ್ಲರೂ ಕಣ್ಣುಮುಚ್ಚಿ ಒಪ್ಪಿಗೆ ಒತ್ತಿ ಮುಂದೆ ಹೋಗುವ ಜಾಗ. ಭಾವ ನನ್ನ ಕೈ ಹಿಡಿದುಕೊಂಡರು. ಇಪ್ಪತ್ತೆರಡು ವರ್ಷ ಪರರ ಕರಾರುಗಳನ್ನು ಟೈಪ್ ಮಾಡಿದವರು, ಓದದೆ ಬಿಟ್ಟಾರೆಯೇ! ಮುಕ್ಕಾಲು ಗಂಟೆ ಓದಿದರು. ಎರಡು ಕಡೆ ಅಲ್ಪವಿರಾಮ ತಪ್ಪಿದೆ ಎಂದರು. ಆಮೇಲೆ ಕನ್ನಡಕ ತೆಗೆದು ಬೆಚ್ಚಿದವರಂತೆ ನನ್ನ ಕಡೆ ತಿರುಗಿದರು.

“ತಮ್ಮಾ, ಇದು ಕೆಲ್ಸ ಮಾಡುತ್ತೆ ಅಂತ ಅವರೇ ಗ್ಯಾರಂಟಿ ಕೊಡಲ್ವಂತೆ ಕಣೋ. ಇಂಥದ್ದಕ್ಕೆ ಹೂಂ ಅನ್ನೋದಾ?”

ನಾನು ಬೇಡ ಭಾವ ಎನ್ನುವಷ್ಟರಲ್ಲಿ ಒಪ್ಪಿಗೆಯಿಲ್ಲ ಎಂದು ಒತ್ತಿಬಿಟ್ಟರು. ಯಂತ್ರ ನಮ್ಮನ್ನು ಕತ್ತು ಹಿಡಿದು ಹೊರಗೆ ದಬ್ಬಿತು. ಮತ್ತೆ ಮೊದಲಿನಿಂದ! ನಾನು ಮೇಜಿಗೆ ತಲೆ ಚಚ್ಚಿಕೊಂಡೆ. ಎರಡನೇ ಸಲ ಅವರು ಒಪ್ಪಿದರು, ಆದರೆ ತಮ್ಮ ಆಕ್ಷೇಪಣೆಯನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿ, ಸಹಿ ಹಾಕಿ, ಮಾನಿಟರಿನ ಕೆಳಗೆ ಸಿಕ್ಕಿಸಿದ ಮೇಲೆ.

ಆಮೇಲೆ ಒಂದೊಂದೇ ಫ್ಲಾಪಿ. ಎರಡು, ಮೂರು, ನಾಲ್ಕು. ಪ್ರತಿಯೊಂದೂ ಹೊರಬಂದಾಗ ಭಾವ ಕಣ್ಣಿಗೊತ್ತಿಕೊಳ್ಳುವರು. ಒಂಬತ್ತನೆಯದರ ಹೊತ್ತಿಗೆ ನನಗೂ ಧೈರ್ಯ ಬಂತು. ಹನ್ನೆರಡನೆಯದರ ಹೊತ್ತಿಗೆ ಭಾವ ಕೊಟೇಶನ್ನಿನ ಕರಡನ್ನು ಪಕ್ಕದಲ್ಲಿಟ್ಟು ಬೆರಳು ನೆಟಿಗೆ ಮುರಿದುಕೊಂಡರು. ಹದಿಮೂರನೆಯದನ್ನು ಹಾಕಿದೆ. ಯಂತ್ರ ಮರಳು ಅಗಿದಂತೆ ಕರಕರ ಎಂದಿತು. ನಿಂತಿತು. ಡಿಸ್ಕ್ ಓದಲಾಗುತ್ತಿಲ್ಲ.

ಹೊರತೆಗೆದೆ. ಒರೆಸಿದೆ. ಹಾಕಿದೆ. ಊದಿದೆ. ಮತ್ತೆ ಹಾಕಿದೆ. ಕೊನೆಗೆ ತಗಡು ಸರಿಸಿ ನೋಡಿದೆ. ಕಪ್ಪು ತಟ್ಟೆಯ ಮೇಲೆ, ಅಚ್ಚುಕಟ್ಟಾಗಿ, ಒಂದು ಬೆರಳಿನ ಬಿಳಿ ಗೆರೆ.

ಹಬ್ಬದ ಭಾನುವಾರ, ಎಸ್.ಪಿ. ರೋಡಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸೋಮವಾರ ಹತ್ತು ಗಂಟೆಗೆ ಮುಂಚೆ ಇನ್ನೊಂದು ಹದಿಮೂರನೆಯದು ಎಲ್ಲಿಂದ ತರುವುದು? ಭಾವ ಕರಡನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಸೋಮವಾರ ನಾನೂ ಹೋದೆ, ನಡೆದದ್ದನ್ನು ಮಾಲೀಕರ ಮುಂದೆ ಒಪ್ಪಿಕೊಳ್ಳೋಣ ಎಂದು. ನಾನು ಬಾಯಿ ತೆರೆಯುವ ಮೊದಲೇ ಭಾವ ಎದ್ದು ನಿಂತರು.

“ನನ್ ಕೈಯಿಂದ ಹಾಳಾಯ್ತು ಸಾರ್. ನಮ್ ಹುಡುಗ ಎಲ್ಲಾ ಸರಿಯಾಗೇ ಮಾಡಿದ್ದ.”

ಆ ಹುಡುಗನಿಗೆ ಆಗ ನಲವತ್ತೆಂಟು ವರ್ಷ. ಗೋಡೆಯ ಕಡೆ ನೋಡುತ್ತ ನಿಂತಿದ್ದ.

ಮುಂದಿನ ವಾರ ಆ ಹುಡುಗಿ ಬಂದಳು, ಒಂದೇ ಮಧ್ಯಾಹ್ನದಲ್ಲಿ ಎಲ್ಲ ಕೂರಿಸಿದಳು. ಭಾವ ಗೇಟಿಗೆ ಹೋದರು. ನಾನು ಮೂರು ತಿಂಗಳು ಆ ರಸ್ತೆ ಹಾಯಲಿಲ್ಲ. ಕೊನೆಗೊಂದು ಸಂಜೆ ಹೋದೆ. ತಗಡಿನ ಶೆಡ್ಡು, ಸ್ಟೂಲು, ಸ್ಟೂಲಿನ ಮುಂದೆ ಅದೇ ಟೈಪ್‌ರೈಟರ್! ಗುಜರಿಗೆ ಹೊರಟಿದ್ದನ್ನು ಕೇಳಿ ತಂದುಕೊಂಡಿದ್ದರು. ಪೀಣ್ಯದಲ್ಲೆಲ್ಲ ಲಾರಿ ನಂಬರು ಟೈಪ್ ಆಗಿ ದಾಖಲಾಗುತ್ತಿದ್ದುದು ಆ ಒಂದೇ ಗೇಟಿನಲ್ಲಿ. ನಗಬೇಕಾಗಿತ್ತು. ನಗು ಬರಲಿಲ್ಲ.

ನಾನು ಅಂದು ಹೇಳಿದ್ದು ತಮಾಷೆಗೆ ಎಂದು ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿಯೇಬಿಟ್ಟೆ.

“ತಮಾಷೆ ಅಂತ ಗೊತ್ತಿತ್ತು. ಹಾಳಾಗುತ್ತೆ ಅಂತ ಗೊತ್ತಿರ್ಲಿಲ್ಲ.” ಅವರು ಹಾಳೆ ಸರಿಮಾಡಿಕೊಂಡರು. “ಇಪ್ಪತ್ತು ವರ್ಷದಾಗೆ ನಿನ್ ಬಾಯಲ್ಲಿ ಶಿವ ಅಂತ ಬಂದಿದ್ದು ಅದೊಂದೇ ಸಲ ಕಣೋ ತಮ್ಮಾ. ತಮಾಷೆಗಾದ್ರೂ ಬಂತಲ್ಲ. ಹೆಂಗೆ ಇಲ್ಲ ಅನ್ಲಿ?”

ಹೊರಗೆ ಒಂದು ಲಾರಿ ಹಾರನ್ ಮಾಡುತ್ತಿತ್ತು. ಭಾವ ಜೇಬಿನಿಂದ ಡಬ್ಬಿ ತೆಗೆದು, ನಾನು ಏನು ನೆಪ ಹೇಳುತ್ತೇನೋ ಎಂದು ಕಾದರು. ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ. ಬಗ್ಗಿದೆ. ಮೂರು ಬೆರಳು ನಿಧಾನವಾಗಿ ಹಣೆಯ ಮೇಲೆ ಹಾದುಹೋದವು.

“ಒಳಗೆ ಹಚ್ಬೇಕು ಅಂದಿದ್ಯಲ್ಲ,” ಎಂದರು. “ನಿಂಗೆ ಸದ್ಯಕ್ಕೆ ಹೊರಗೇ ಸಾಕು.”