ಜಾಡಿಯೊಳಗಿನ ಅಪ್ಪ

ಬೋನಿಫಾತ್ಸಿ ತನ್ನ ಅಪ್ಪನನ್ನು ಪುರಸಭೆಗೆ ಕೊಡಲು ಒಪ್ಪಿಬಿಟ್ಟಿದ್ದ. ಒಪ್ಪಿದ್ದು ಬಾಯಿ ಮಾತ್ರ, ಮನಸ್ಸಲ್ಲ.

ಅಪ್ಪ ಎಂದರೆ ಸೌತೆ ಉಪ್ಪಿನಕಾಯಿಯ ಹಳೇ ಗಾಜಿನ ಜಾಡಿಯಲ್ಲಿದ್ದ ಎರಡು ಹಿಡಿ ಮಣ್ಣು. ಮಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಯುದ್ಧಕ್ಕೆ ಹೋದ ಆ ಸಿಪಾಯಿ, ದೇಶವೇ ಶತ್ರುಗಳ ಪಾಲಾದ ಮೇಲೆ ಕಂಡಕಂಡ ಗಡಿ ದಾಟಿ, ಮರುಭೂಮಿ ಅಲೆದು, ಕೊನೆಗೆ ಇಟಲಿಯ ಒಂದು ಗುಡ್ಡದ ಮೇಲೆ ಪೋಲೆಂಡಿಗಾಗಿ ಪ್ರಾಣ ಬಿಟ್ಟ. ಅಲ್ಲೇ ಹೂಳಿದರು. ಎಷ್ಟೋ ವರ್ಷಗಳ ನಂತರ ರೋಮಿಗೆ ಯಾತ್ರೆ ಹೋದ ಊರಿನ ಪಾದ್ರಿ ಆ ಸಮಾಧಿಯ ಮಣ್ಣು ತಂದುಕೊಟ್ಟರು. ಮದುವೆ ಮಕ್ಕಳು ಒಂದೂ ಇಲ್ಲದೆ, ರೈಲ್ವೆ ಗೇಟು ಹಾಕಿ ತೆಗೆದು ಆಯುಷ್ಯ ಕಳೆದ ಬೋನಿಫಾತ್ಸಿಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದುದು ಆ ಜಾಡಿಯೊಂದೇ. ಬೆಳಿಗ್ಗೆ ಚಹಾ ಕುಡಿಯುತ್ತ ಹೊರಗೆ ಎಷ್ಟು ಚಳಿಯಿದೆ ಎಂದು ಅದಕ್ಕೆ ವರದಿ ಒಪ್ಪಿಸುತ್ತಿದ್ದ. ಸಕಲ ಸಂತರ ಹಬ್ಬದಂದು ಊರಿಗೆ ಊರೇ ಸೇವಂತಿಗೆ ಕುಂಡ, ಗಾಜಿನ ದೀಪ ಹಿಡಿದು ತಮ್ಮವರ ಸಮಾಧಿಗಳಿಗೆ ಹೋದರೆ, ಇವನು ಕಿಟಕಿಯ ಬಳಿ ಜಾಡಿಯ ಮುಂದೆ ದೀಪ ಹಚ್ಚಿ ಒಬ್ಬನೇ ಕೂರುತ್ತಿದ್ದ.

ಈ ವರ್ಷ ಪುರಸಭೆಯವರು ಪರದೇಶದಲ್ಲಿ ಹೋರಾಡಿದ ಸಿಪಾಯಿಗಳಿಗೆ ಚೌಕದಲ್ಲಿ ಸ್ಮಾರಕ ಕಟ್ಟಿಸಿದರು. ಅದರೊಳಗೆ ರಣಭೂಮಿಯ ಮಣ್ಣಿಟ್ಟು ಸಿಮೆಂಟು ಹಾಕಿ ಮುಚ್ಚಬೇಕು, ಅದೂ ಹಬ್ಬದ ದಿನವೇ. ಅಂಥ ಮಣ್ಣು ಊರಲ್ಲಿದ್ದುದು ಒಂದೇ ಜಾಡಿಯಲ್ಲಿ. ಅಧ್ಯಕ್ಷ ಸ್ಕ್ವಾರೆಕ್ ಎಲ್ಲರೆದುರು ಹೆಗಲ ಮೇಲೆ ಕೈಹಾಕಿ ಕೇಳಿದಾಗ ಇಲ್ಲವೆನ್ನುವುದು ಹೇಗೆ?

ಹಬ್ಬದ ಬೆಳಿಗ್ಗೆ ಬೋನಿಫಾತ್ಸಿ ಸಂತೆಯಿಂದ ಸಣ್ಣದೊಂದು ಹಳದಿ ಸೇವಂತಿಗೆ ಕುಂಡ ತಂದ. ಗಿಡ ಎತ್ತಿ, ಕುಂಡದ ಮಣ್ಣನ್ನು ಜಾಡಿಗೂ ಜಾಡಿಯ ಮಣ್ಣನ್ನು ಕುಂಡಕ್ಕೂ ತುಂಬಿ, ಮತ್ತೆ ಗಿಡ ನೆಟ್ಟು ಕಿಟಕಿಯಲ್ಲಿಟ್ಟ.

"ಅಪ್ಪಾ, ಇವತ್ತೊಂದಿನ ಇದರ ಕೆಳಗೆ ಅಡಗಿಕೊಂಡಿರು. ಸಿಪಾಯಿ ಅಲ್ವಾ, ಅಭ್ಯಾಸ ಇರುತ್ತೆ," ಎಂದು ಗಡ್ಡ ಬೋಳಿಸಲು ಹೋದ.

ಎದುರುಮನೆಯ ಲೆಯೊಕಾದಿಯಾ ಬಳಿ ಅವನ ಮನೆಯ ಇನ್ನೊಂದು ಬೀಗದ ಕೈ ಇತ್ತು. "ನೀವು ಒಳಗೇ ಸತ್ತರೆ ಬಾಗಿಲು ಒಡೆಯೋರ್ಯಾರು?" ಎಂದು ಅವಳೇ ಇಸಕೊಂಡಿದ್ದಳು. ಹೊರಟನೋ ಇಲ್ಲವೋ ನೋಡಲು ಬಂದವಳ ಕಣ್ಣು ಕಿಟಕಿಯ ಕುಂಡದ ಮೇಲೆ ಬಿತ್ತು. ಸತ್ತವರ ಹೂ ಬದುಕಿದವರ ಮನೆಯಲ್ಲಿ! ಇದಕ್ಕಿಂತ ಅಪಶಕುನ ಬೇಕೇ? ಶಿಲುಬೆ ಗುರುತು ಮಾಡಿಕೊಂಡು, ಸ್ಮಾರಕದ ಬುಡದಲ್ಲಿಡಲು ಕುಂಡ ಎತ್ತಿಕೊಂಡು ನಡೆದೇಬಿಟ್ಟಳು.

ಬೋನಿಫಾತ್ಸಿ ಅರ್ಧ ಗಡ್ಡದಲ್ಲಿ ಹೊರಬಂದು ನೋಡಿದರೆ ಕಿಟಕಿ ಖಾಲಿ. ಜಾಡಿ ಕಂಕುಳಲ್ಲಿಟ್ಟುಕೊಂಡು ಬೀದಿಗೆ ಓಡಿದ. ಬೀದಿಯ ತುಂಬ ಜನ, ಎಲ್ಲರ ಕೈಯಲ್ಲೂ ಹಳದಿ ಸೇವಂತಿಗೆ. ಅಪ್ಪ ಯಾರ ತೋಳಲ್ಲಿದ್ದಾನೋ!

"ಅಮ್ಮಾ, ನಿಮ್ಮ ಗಿಡದ ಬುಡ ಒಂಚೂರು ನೋಡ್ಲಾ?" ಎಂದು ಒಬ್ಬಳ ಕುಂಡಕ್ಕೆ ಬೆರಳು ಹಾಕಿದ.

"ಥೂ, ಗೋರಿಗೆ ಇಡೋ ಹೂ ಕದಿಯಕ್ಕೆ ಬಂದಿದೀಯಾ? ಗಡ್ಡನಾದ್ರೂ ಪೂರ್ತಿ ಬೋಳಿಸ್ಕೊಂಡು ಬರಬಾರ್ದಿತ್ತಾ?" ಎಂದು ಆಕೆ ಛತ್ರಿಯಲ್ಲೇ ಬಾರಿಸಿದಳು.

ತಲೆ ಉಜ್ಜಿಕೊಳ್ಳುತ್ತ ಚೌಕ ಸೇರಿದಾಗ ಸ್ಮಾರಕದ ಹಿಂದಿನ ಡೇರೆಯಲ್ಲಿ ಲೆಯೊಕಾದಿಯಾ ಕಂಡಳು. ತೋಳಲ್ಲಿ ಅವನ ಕುಂಡ! ಅತ್ತ ಹಾರುವಷ್ಟರಲ್ಲಿ ಸ್ಕ್ವಾರೆಕ್ ಅಡ್ಡ ಬಂದ.

"ಬಂದ್ರಾ ಬೋನಿಯಣ್ಣ! ಕೊಡಿ ಇಲ್ಲಿ, ಎತ್ತಿ ಹಿಡಿಯೋದು ಹ್ಯಾಗೆ ಅಂತ ಒಂದ್ಸಲ ನೋಡ್ಕೋತೀನಿ."

ಹೊಸ ಚರ್ಮದ ಕೈಗವಸು ಹಾಕಿದ್ದ ಸ್ಕ್ವಾರೆಕ್ ಜಾಡಿಯನ್ನು ತಲೆಯ ಮೇಲೆತ್ತಿದ. ಜಾಡಿ ಜಾರಿ ಕಲ್ಲಿನ ಮೇಲೆ ಬಿತ್ತು. ಮಣ್ಣೆಲ್ಲ ಗಾಜಿನ ಚೂರು. ಹೊರಗೆ ಬ್ಯಾಂಡು ಶುರುವಾಗಿಬಿಟ್ಟಿತು.

"ಸತ್ತೆ!" ಎಂದ ಸ್ಕ್ವಾರೆಕ್. "ಬಾಚಿ, ಬೇಗ ಬಾಚಿ ಹಾಕಿ!"

"ಗಾಜಿನ ಸಮೇತನಾ? ಆ ಪುಣ್ಯಾತ್ಮ ಬದುಕಿದ್ದಾಗ ತಿಂದ ಗುಂಡು ಸಾಲ್ದಾ?" ಎಂದು ಲೆಯೊಕಾದಿಯಾ ಸೇವಂತಿಗೆಯ ಜುಟ್ಟು ಹಿಡಿದಳು. "ಮಣ್ಣಿಗೇನು ಹೆಸರು ಬರೆದಿರುತ್ತಾ? ಇದನ್ನ ಹಾಕಿ. ನಾವು ಮೂರೇ ಜನ, ಯಾರ್ ಹೇಳ್ತಾರೆ?"

"ಬೇಡ!" ಎಂದು ಬೋನಿಫಾತ್ಸಿ ಕಿರುಚಿದ.

ಇಬ್ಬರೂ ತಿರುಗಿ ನೋಡಿದರು. ಅವನಾದರೂ ಏನೆಂದು ಹೇಳುವುದು? ಸಂತೆಯ ಮಣ್ಣನ್ನು ಸಿಪಾಯಿಗಳ ಹೆಸರಲ್ಲಿ ಇಡೀ ಊರಿಗೆ ತಂದುಕೊಟ್ಟೆ ಎಂದೇ?

"ದುಃಖ ಪಡಬೇಡಿ," ಎಂದು ಲೆಯೊಕಾದಿಯಾ ಕುಂಡ ಬೋರಲು ಹಾಕಿದಳು. "ನಿಮ್ಮಪ್ಪನ್ನ ಒಂದೊಂದೇ ಚೂರು ಆರಿಸಿ ನಿಮಗೇ ವಾಪಸ್ ಕೊಡ್ತೀನಿ."

ಅಪ್ಪ ಸ್ಮಾರಕದೊಳಗೆ ಹೋದ. ಮೇಲೆ ಸಿಮೆಂಟು ಬಿತ್ತು. ಸ್ಕ್ವಾರೆಕ್ ತನ್ನ ಭಾಷಣಕ್ಕೆ ತಾನೇ ಕಣ್ಣೊರೆಸಿಕೊಂಡ. ಬೋನಿಫಾತ್ಸಿ ಮಾತ್ರ ನಿಜವಾಗಿಯೂ ಅತ್ತ.

ಲೆಯೊಕಾದಿಯಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕನ್ನಡಕ ಹಾಕಿಕೊಂಡು ಕೂತು, ಬೆರಳು ಕುಯ್ದುಕೊಂಡು, ಗಾಜು ಆರಿಸಿ ಹೊಸ ಜಾಡಿಯಲ್ಲಿ ಮಣ್ಣು ತುಂಬಿ ತಂದಳು. ಗುಟ್ಟಿನ ವಿಷಯದಲ್ಲಿ ಮಾತ್ರ ಅವಳು ತೂತು ಬಿದ್ದ ಬಕೆಟ್ಟು. ಸ್ಮಾರಕದಲ್ಲಿರುವುದು ಬರೀ ಸೇವಂತಿಗೆ ಮಣ್ಣು, ನಿಜವಾದ ಸಿಪಾಯಿ ಬೋನಿಯಣ್ಣನ ಮನೆಯಲ್ಲೇ ಇದ್ದಾನೆ ಎಂದು ಕತ್ತಲಾಗುವ ಮೊದಲೇ ಊರಿಗೆಲ್ಲ ಗೊತ್ತಾಯಿತು.

ಹತ್ತಾರು ವರ್ಷಗಳಿಂದ ಲೆಯೊಕಾದಿಯಾ ಬಿಟ್ಟರೆ ಯಾರೂ ಕಾಲಿಡದ ಮನೆಗೆ ಜನ ಬಂದರು. ಮೆಟ್ಟಿಲ ಮೇಲೆ, ಕಿಟಕಿಯ ಕೆಳಗೆ ದೀಪ ಹಚ್ಚಿಟ್ಟರು. ಗಸಗಸೆ ರೊಟ್ಟಿ, ಬಿಸಿ ಬೀಟ್‌ರೂಟ್ ಸಾರು ತಂದರು. ಛತ್ರಿಯಲ್ಲಿ ಬಾರಿಸಿದ್ದ ಹೆಂಗಸಂತೂ ಜಾಡಿಯ ಮುಂದೆ ಮಂಡಿಯೂರಿ, "ಕ್ಷಮಿಸಪ್ಪಾ," ಎಂದು ಕೈಮುಗಿದಳು. ಅವನ ಮನೆಯಲ್ಲಿ ಇಷ್ಟು ಬೆಳಕು, ಇಷ್ಟು ಮಾತು ಎಂದೂ ಇರಲಿಲ್ಲ. ಅಷ್ಟು ಜನರ ನಡುವೆ ಬೋನಿಫಾತ್ಸಿಗೆ ಹಿಂದೆಂದೂ ಆಗದಷ್ಟು ಒಂಟಿತನವಾಯಿತು. ಇಷ್ಟು ದಿನ ಜೊತೆಗಿದ್ದ ಒಬ್ಬನೂ ಈಗಿಲ್ಲ.

ಕೋಟಿನೊಳಗೊಂದು ದೀಪ ಬಚ್ಚಿಟ್ಟುಕೊಂಡು ಹಿಂಬಾಗಿಲಿನಿಂದ ಚೌಕಕ್ಕೆ ನಡೆದ. ಗುಟ್ಟು ಗೊತ್ತಾದ ಮೇಲೆ ಸ್ಮಾರಕದತ್ತ ಯಾರೂ ಸುಳಿದಿರಲಿಲ್ಲ, ಅಲ್ಲಿ ಒಂದು ದೀಪವೂ ಇರಲಿಲ್ಲ. ಹಸಿ ಸಿಮೆಂಟಿನ ಮುಂದೆ ಕೂತು ದೀಪ ಹಚ್ಚಿದ.

"ಅಪ್ಪಾ, ಹೊರಗೆ ತುಂಬ ಚಳಿ ಇದೆ," ಎಂದು ವರದಿ ಒಪ್ಪಿಸಿದ.

ಗಸಗಸೆ ರೊಟ್ಟಿಯ ಕಟ್ಟು ಹಿಡಿದು ಆ ದಾರಿಯಲ್ಲೇ ಬರುತ್ತಿದ್ದ ಸ್ಕ್ವಾರೆಕ್ ಬಿದ್ದು ಬಿದ್ದು ನಕ್ಕ.

"ಏನ್ ಬೋನಿಯಣ್ಣ, ಸೇವಂತಿಗೆ ಗೊಬ್ಬರಕ್ಕೆ ದೀಪಾನಾ? ಏಳಿ, ಏಳಿ. ಅಪ್ಪ ಮನೇಲಿ ಕಾಯ್ತಿರ್ತಾರೆ."